ಎಣ್ಣೆ ಹೋಗಿ ಪಂಪ್ ಬಂದ ಚಳಿಗಾಲ

ನಮ್ಮ ಮನೆಗೆ ಹೀಟ್ ಪಂಪ್ ಹಾಕಿದವನನ್ನು ನಾನು ಮೊದಲ ದಿನದಿಂದಲೇ ನಂಬಲಿಲ್ಲ. ಏನು ಕೇಳಿದರೂ ಇಲ್ಲಿಯವರ ಹಾಗೆ ‘ಗ್ರ್ಯಾಂಡ್, ಗ್ರ್ಯಾಂಡ್’, ಅಂದರೆ ಎಲ್ಲ ಸರಿಯಿದೆ, ಎನ್ನುವವನನ್ನು ನಂಬುವುದಾದರೂ ಹೇಗೆ?

ಐರಿಶ್ ನಗರ ಗಾಲ್ವೇಯಿಂದ ಅರ್ಧ ಗಂಟೆ ದೂರದ ಹಳ್ಳಿಯಲ್ಲಿ ನಮ್ಮ ಮನೆ. ಅಲ್ಲಿದ್ದ ಹಳೆಯ ಎಣ್ಣೆ ಬಾಯ್ಲರ್ ಗುಡುಗುತ್ತಿತ್ತು, ಸೀಮೆಎಣ್ಣೆ ವಾಸನೆ ಹೊಡೆಯುತ್ತಿತ್ತು, ಆದರೆ ಹೊತ್ತಿಸಿದ ಸ್ವಲ್ಪ ಹೊತ್ತಿಗೆಲ್ಲ ಕೋಣೆ ಕಾಯಿಸುವ ರೇಡಿಯೇಟರ್ ಮುಟ್ಟಿದರೆ ಕೈ ಸುಡುತ್ತಿತ್ತು. ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಕೋವಿಡ್ ಬಂದ ವರ್ಷ, ಚಳಿ ಶುರುವಾಗುವ ಮೊದಲು, ಅದನ್ನೂ ಹಿತ್ತಿಲಿನ ಎಣ್ಣೆ ಟ್ಯಾಂಕನ್ನೂ ತೆಗೆಸಿ, ಹೊರಗೋಡೆಯ ಪಕ್ಕ ಕರೆಂಟಿನಿಂದ ಮನೆ ಕಾಯಿಸುವ ಈ ಪಂಪನ್ನು, ಫ್ಯಾನ್ ಇರುವ ದೊಡ್ಡ ಪೆಟ್ಟಿಗೆಯೊಂದನ್ನು, ಕೂರಿಸಿದೆವು. ಹೆಂಡತಿಯ ಹಟ ಅದು. ಹಾಕಿದವನು ಮಾಸ್ಕ್ ತೊಟ್ಟು ದೂರದಲ್ಲೇ ನಿಂತು ಹೇಳಿದ: ಇದು ನಿಧಾನವಾಗಿ ಕಾಯಿಸುತ್ತದೆ, ಹಗಲೂ ರಾತ್ರಿ ಓಡುತ್ತಿರಲಿ, ಆರಿಸಬೇಡಿ.

ಗೀಸರ್ ಆರಿಸದೆ ಬಚ್ಚಲಿನಿಂದ ಬಂದರೆ ಬೈಸಿಕೊಂಡು ಬೆಳೆದವನು ನಾನು. ದಿನವಿಡೀ ಓಡಿಸಿ ಅನ್ನುವವನ ಮೇಲೆ ಅನುಮಾನ ಬಾರದಿದ್ದೀತೆ? ಆದರೂ ಆರಿಸಲಿಲ್ಲ.

ಮನೆಯಲ್ಲಿ ನಾವು ಮೂವರು. ಹೆಂಡತಿ ಆಸ್ಪತ್ರೆಯಲ್ಲಿ ಡಾಕ್ಟರ್. ನನಗೆ ಗಾಲ್ವೇಯ ಪಾರ್ಕ್‌ಮೋರ್‌ನಲ್ಲಿ ವೈದ್ಯಕೀಯ ಸಲಕರಣೆ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. ಲಾಕ್‌ಡೌನ್‌ನಲ್ಲೂ ಅದು ಮುಚ್ಚಲಿಲ್ಲ. ಅಮ್ಮ ಮೂರು ತಿಂಗಳಿಗೆಂದು ಬೆಂಗಳೂರಿನಿಂದ ಬಂದವಳು ವಿಮಾನಗಳು ನಿಂತು ಇಲ್ಲೇ ಸಿಕ್ಕಿಹಾಕಿಕೊಂಡಿದ್ದಳು.

ಪಂಪ್ ಬಂದ ಒಂದು ತಿಂಗಳಿಗೆ ಅಮ್ಮನಿಗೆ ಕೆಮ್ಮು ಹತ್ತಿತು. ಟೆಸ್ಟ್ ಮಾಡಿಸಿದರೆ ಕೋವಿಡ್ ಅಲ್ಲ. “ಥಂಡಿ ಹಿಡಿದಿದೆ. ಮನೆ ಬೆಚ್ಚಗಿಟ್ರೆ ಸರಿಹೋಗುತ್ತೆ” ಎಂದಳು ಹೆಂಡತಿ. ಆದರೆ ಸಂಜೆ ಐದೂವರೆಗೆ ನಾನು ಬಂದು ರೇಡಿಯೇಟರ್ ಮುಟ್ಟಿದರೆ ಉಗುರುಬೆಚ್ಚಗೂ ಇರುತ್ತಿರಲಿಲ್ಲ. ನನಗೆ ನಿಜಕ್ಕೂ ಭಯವಾಗಿತ್ತು. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಆಗ ರೋಗಿಯ ಪಕ್ಕ ಕೂರಲು ಯಾರನ್ನೂ ಬಿಡುತ್ತಿರಲಿಲ್ಲ. ಅಮ್ಮನಿಗೆ ಇಂಗ್ಲಿಷ್ ಬಾರದು. ಒಬ್ಬಳೇ ಹೇಗಿರುತ್ತಾಳೆ?

ಪಂಪ್ ಹಾಕಿದವನು ಮನೆಗೆ ಸಾಲದ ಪೆಟ್ಟಿಗೆ ಕೂರಿಸಿ ಟೋಪಿ ಹಾಕಿದ್ದಾನೆ ಅಂದುಕೊಂಡೆ. ಗಾಳಿಯಾಡಲಿ ಅಂತ ಹೆಂಡತಿ ಕಿಟಕಿ ತೆರೆದಿಟ್ಟು ಹೋಗುತ್ತಾಳೇನೋ ಎಂದು ಅವಳ ಮೇಲೂ ಕಣ್ಣಿಟ್ಟೆ. ಪ್ರತಿ ಸಂಜೆ ಕೋಟು ಬಿಚ್ಚುವ ಮೊದಲೇ ಪಂಪಿನವನಿಗೆ ಫೋನ್ ಮಾಡಿ ರೇಗುತ್ತಿದ್ದೆ. ಆಮೇಲೆ ಪೆಟ್ಟಿಗೆಯ ಸರದಿ, ಅದಕ್ಕೆ ಕನ್ನಡದಲ್ಲೇ: “ಹಾಳಾದ್ದು, ಕರೆಂಟ್ ಕುಡಿದು ಕುಡಿದು ನಮ್ಮನ್ನ ಮುಳುಗಿಸ್ತಿದೆ!”

ಕೊನೆಗೊಂದು ದಿನ ಅವನು ಪಂಪ್ ಓಡಿದ ದಾಖಲೆಯನ್ನು ತನ್ನ ಕಂಪ್ಯೂಟರಿನಲ್ಲಿ ನೋಡಿ ಹೇಳಿದ: ಪಂಪ್ ಗ್ರ್ಯಾಂಡ್ ಆಗಿದೆ, ಯಾರೋ ಆರಿಸುತ್ತಿದ್ದಾರೆ; ಬೆಳಗ್ಗೆ ಎಂಟೂವರೆಗೆ ನಿಲ್ಲುತ್ತದೆ, ಸಂಜೆ ಐದಕ್ಕೆ ಶುರುವಾಗುತ್ತದೆ, ಶನಿವಾರ ಭಾನುವಾರ ಮಾತ್ರ ನಿಲ್ಲುವುದಿಲ್ಲ. ಕಳ್ಳನಿಗೊಂದು ಪಿಳ್ಳೆ ನೆವ ಅಂದುಕೊಂಡೆ. ಅವನ ಬಣ್ಣ ಬಯಲು ಮಾಡಲೆಂದೇ ಮರುದಿನ ಅರ್ಧ ದಿನ ರಜೆ ಹಾಕಿ ಎರಡು ಗಂಟೆಗೆ ಮನೆಗೆ ಬಂದೆ.

ಫ್ಯಾನ್ ನಿಂತಿತ್ತು. ಸಿಕ್ಕಿಬಿದ್ದ ಎಂದು ಖುಷಿಯಿಂದ ಫೋಟೋ ತೆಗೆದೆ. ಆಮೇಲೆ ಕಂಡಿತು, ಪೆಟ್ಟಿಗೆಯ ಪಕ್ಕದ ಗೋಡೆಯ ದೊಡ್ಡ ಸ್ವಿಚ್ಚನ್ನು ಯಾರೋ ಆರಿಸಿದ್ದರು.

ಒಳಗೆ ಅಮ್ಮ ಮಂಕಿ ಕ್ಯಾಪ್ ಹಾಕಿಕೊಂಡು, ನನ್ನ ಹಳೆಯ ಕೋಟು ತೊಟ್ಟು, ಎರಡು ರಜಾಯಿ ಹೊದ್ದು ಹಾಸಿಗೆಯಲ್ಲಿ ಕೂತಿದ್ದಳು. ನನ್ನನ್ನು ಕಂಡು ಗಾಬರಿಯಿಂದ ಎದ್ದಳು.

“ಯಾಕೋ, ಇಷ್ಟು ಬೇಗ ಬಂದ್ಬಿಟ್ಟೆ? ತಡಿ, ಹಾಕ್ಬಿಟ್ ಬರ್ತೀನಿ.”

“ಅಮ್ಮಾ, ದಿನಾ ನೀನೇನಾ ಆರಿಸ್ತಿದ್ದಿದ್ದು?”

“ಮತ್ತಿನ್ನೇನು? ನೀವಿಬ್ರೂ ಹೋದ್ಮೇಲೆ ನನ್ನೊಬ್ಳಿಗೋಸ್ಕರ ಇಡೀ ಮನೆ ಕಾಯಿಸ್ಬೇಕಾ? ಮುಳುಗಿಸ್ತಿದೆ ಮುಳುಗಿಸ್ತಿದೆ ಅಂತ ನೀನೇ ದಿನಾ ಒದ್ದಾಡ್ತೀಯ.”

ಮುಖ ತಿರುಗಿಸಿ, ಫೋನಿನಲ್ಲಿದ್ದ ಆ ಫೋಟೋ ಅಳಿಸಿದೆ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಮುಖ ತಿರುಗಿಸಿದ್ದನ್ನು ಅವಳು ಕೋಪ ಅಂದುಕೊಂಡಳೋ ಏನೋ, ಕೆಮ್ಮು ತಡೆದುಕೊಂಡು ಚಪ್ಪಲಿ ಮೆಟ್ಟುತ್ತಾ ಹೇಳಿದಳು:

“ನಾಳೆಯಿಂದ ನಾಲ್ಕಕ್ಕೇ ಹಾಕ್ತೀನಪ್ಪ. ನೀನು ಬರೋ ಹೊತ್ತಿಗೆ ಬೆಚ್ಚಗಿರುತ್ತೆ.”