ಜೋಡಿ ಇದ್ದರೆ

ಸಿಂದಗಿಯ ಕಾಲೇಜಿನಲ್ಲಿ ನಮಗೆ ಜೀವಶಾಸ್ತ್ರ ಕಲಿಸಿದ ಸರ್ ಕೈ ಆಡಿಸದೆ ಮಾತಾಡುತ್ತಿರಲಿಲ್ಲ. ಬಾಯಿ ಅಗಲಿಸಿ ಒಂದೊಂದೇ ಪದ ಬಿಡಿಸಿ ಹೇಳುವರು. ನಾವು ಹಿಂದಿನಿಂದ ಅಣಕಿಸುತ್ತಿದ್ದೆವು.

ಡಿಎನ್‌ಎ ಎಂದರೆ ಎರಡು ಕೈಯ ಬೆರಳುಗಳನ್ನು ಎದುರುಬದುರು ಜೋಡಿಸುವರು. ಒಂದನ್ನು ಮಡಚಿ, "ಇದು ಕೆಡ್ತು. ಎದುರಿಂದು ನೋಡಿ ಜೀವಕೋಶ ಇದನ್ನ ರಿಪೇರಿ ಮಾಡ್ತೈತಿ. ಜೋಡಿ ಇದ್ರ ಅಂಜಿಕಿ ಇಲ್ಲ" ಎನ್ನುವರು.

ರಿಪೇರಿಯಾಗದೆ ಉಳಿದ ತಪ್ಪು ಮಕ್ಕಳಿಗೂ ಹೋಗಬಹುದು ಎಂದು ಕಲಿಸಿದ ದಿನ ಎರಡು ಬೆರಳು ಎತ್ತಿದರು. "ಪ್ರತಿ ಜೀನೂ ಅವ್ವನಿಂದ ಒಂದು, ಅಪ್ಪನಿಂದ ಒಂದು. ಒಂದು ಕೆಟ್ರೂ ಎಷ್ಟೋ ಸಲ ಇನ್ನೊಂದು ಕೆಲಸ ನಡಸ್ತೈತಿ. ಜೋಡಿ ಇದ್ರ ಅಂಜಿಕಿ ಇಲ್ಲ."

ಸೋದರಮಾವನ ಜೊತೆ ನನ್ನ ಮದುವೆ ಗೊತ್ತಾಗಿತ್ತು. ಎದ್ದು ನಿಂತು ಕೇಳಿದೆ: "ಇಬ್ಬರೂ ಒಂದ ಮನಿಯವರಾದ್ರ, ಸರ್? ಎರಡರಾಗೂ ಅದ ತಪ್ಪು ಇದ್ರ?"

ಅವರು ಎರಡೂ ಬೆರಳನ್ನು ಮಡಚಿದರು. "ಸಂಜಿಗೆ ನಿಮ್ಮವ್ವನ್ನ ಕರಕೊಂಡು ನಮ್ಮ ಮನಿಗೆ ಬಾ."

ಹೋದೆವು. ಚಹಾ ತಂದ ಅವರ ಹೆಂಡತಿ, ತಾನು ಸರ್ ಅವರ ಸ್ವಂತ ಅಕ್ಕನ ಮಗಳೇ ಎಂದು ಅವ್ವನಿಗೆ ಹೇಳಿದರು. ಅವರ ಪುಟ್ಟ ಮಗಳು ಮೂಲೆಯಲ್ಲಿ ಬರೆಯುತ್ತ ಕುಳಿತಿದ್ದಳು; ನಮ್ಮ ಮಾತಿನ ಸದ್ದಿಗೆ ತಿರುಗಿಯೂ ನೋಡಲಿಲ್ಲ. ಸರ್ ಅವಳನ್ನು ಕೂಗಲಿಲ್ಲ. ಹತ್ತಿರ ಹೋಗಿ ಭುಜ ಮುಟ್ಟಿದರು. ಅವಳು ತಲೆ ಎತ್ತಿದ ಮೇಲೆ, ಬೆರಳು ಆಡಿಸುತ್ತ, ಬಾಯಿ ಅಗಲಿಸಿ, ಒಂದೊಂದೇ ಪದ ಬಿಡಿಸಿ ಹೇಳಿದರು: "ಯಾರು. ಬಂದಾರ. ನೋಡು."

ಬಸ್‌ಸ್ಟ್ಯಾಂಡ್ ಬಂದಾಗ ಅವ್ವ ಅಂದಳು: "ಮದುವಿ ಬ್ಯಾಡಂತ ತಮ್ಮಗ ನಾನ ಹೇಳ್ತೇನಿ."