ಎಲ್ಲಿ ಕೈ ಹಾಕಬಾರದು ಎಂದು ಕಲಿಸುವ ಟೆಸ್ಟರ್ ಅಕ್ಕ

ಬೆಳಗಿನ ಆರು ಗಂಟೆ. ವಾಷಿಂಗ್ ಮಷೀನ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಎಂಟು ಮಂದಿ ಬೆಂಚುಗಳ ಮೇಲೆ ಒತ್ತೊತ್ತಾಗಿ ಕೂತಿದ್ದಾರೆ. ಒಬ್ಬರು ಫ್ರಿಜ್ ಮೆಕ್ಯಾನಿಕ್, ಇಬ್ಬರು ನೀರಿನ ಪಂಪ್ ನೋಡಿಕೊಳ್ಳುವವರು, ಉಳಿದವರು ಹೊಲಿಗೆ ಯಂತ್ರ, ನೀರಿನ ಫಿಲ್ಟರ್ ರಿಪೇರಿಯವರು. ಯಾರಿಗೂ ಎಲೆಕ್ಟ್ರಿಷಿಯನ್ ಲೈಸೆನ್ಸ್ ಇಲ್ಲ. ಆದರೆ ಬೆಳಗಾದರೆ ಎಲ್ಲರಿಗೂ ಕರೆಂಟಿನ ಜೊತೆಗೇ ಒಡನಾಟ.

ಗೋಡೆಗೆ ಹೊಡೆದ ಪ್ಲೈವುಡ್ ಹಲಗೆಯ ಮೇಲೆ ಸ್ವಿಚ್ಚು, ಸಾಕೆಟ್ಟು, ಹಳೆಯ ಮೋಟಾರು. ಎಲ್ಲರೂ ‘ಟೆಸ್ಟರ್ ಅಕ್ಕ’ ಎಂದು ಕರೆಯುವ ಐವತ್ಮೂರರ ಹೆಂಗಸು ಸ್ವಿಚ್ ಒತ್ತುತ್ತಾರೆ. ಮೋಟಾರು ನಿಲ್ಲುತ್ತದೆ.

“ಈಗ ವೈರ್ ಮುಟ್ಟಬಹುದಾ?”

“ಮುಟ್ಟಬಹುದು ಅಕ್ಕ. ಆಫ್ ಆಗಿದೆಯಲ್ಲ,” ಎನ್ನುತ್ತಾರೆ ಪಂಪಿನವರೊಬ್ಬರು.

ಅಕ್ಕ ಮೋಟಾರಿನ ವೈರಿನ ತುದಿಗೆ ಟೆಸ್ಟರ್ ಇಡುತ್ತಾರೆ. ಅದರೊಳಗಿನ ಪುಟ್ಟ ದೀಪ ಹೊತ್ತಿಕೊಳ್ಳುತ್ತದೆ.

“ಸ್ವಿಚ್ಚನ್ನ ಕರೆಂಟ್ ಬರೋ ವೈರಿಗೆ ಹಾಕೋ ಬದ್ಲು, ಬೇಕಂತಲೇ ವಾಪಸ್ ಹೋಗೋ ನ್ಯೂಟ್ರಲ್ ವೈರಿಗೆ ಹಾಕಿದೀನಿ. ಮೋಟಾರ್ ನಿಂತಿದೆ, ಕರೆಂಟ್ ನಿಂತಿಲ್ಲ. ಪ್ಲಗ್ ಕೀಳಿ, ಆಮೇಲೂ ಟೆಸ್ಟರ್ ಇಡಿ. ಟೆಸ್ಟರನ್ನೂ ಮೊದ್ಲು ಕರೆಂಟ್ ಇರೋ ಕಡೆ ಇಟ್ಟು ನೋಡ್ಕೊಳ್ಳಿ. ಕೆಟ್ಟಿದ್ರೆ ಅದೂ ಸುಳ್ಳು ಹೇಳುತ್ತೆ.”

ಹತ್ತೊಂಬತ್ತು ವರ್ಷಗಳ ಹಿಂದೆ ಅಕ್ಕನಿಗೆ ಇದನ್ನು ಹೇಳಿಕೊಡುವವರು ಇರಲಿಲ್ಲ. ಒಂದು ವಸತಿಗೃಹದ ಬಟ್ಟೆ ಒಗೆಯುವ ಕೋಣೆಯಲ್ಲಿ ಸ್ವಿಚ್ ಆರಿಸಿ ಮಷೀನಿನ ಒಳಗೆ ಕೈ ಹಾಕಿದ್ದರು. ಕರೆಂಟ್ ಹೊಡೆದು ಕೈ ಅಲ್ಲೇ ಕಚ್ಚಿಕೊಂಡಿತು. ಪಕ್ಕದಲ್ಲಿ ಇಸ್ತ್ರಿ ಮಾಡುತ್ತಿದ್ದಾಕೆ ಓಡಿಬಂದು ಪ್ಲಗ್ ಕಿತ್ತದ್ದರಿಂದ ಜೀವ ಉಳಿಯಿತು. ಎಡಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.

“ಮೂರು ತಿಂಗಳು ಮನೇಲಿದ್ದೆ. ಯಜಮಾನರು ಈ ಕೆಲಸ ಬೇಡ ಅಂದ್ರು. ಕೆಲಸ ಬಿಡಲ್ಲ, ಸರಿಯಾಗಿ ಕಲೀತೀನಿ ಅಂದೆ.”

ಬಸ್ ಓಡಿಸುವ ಅವರ ಗಂಡ ನಗುತ್ತಾರೆ. “ಕಲಿತಿದ್ದೇನೋ ಸರಿ. ಈಗ ನಮ್ಮನೇಲಿ ಬಲ್ಬ್ ಬದಲಾಯಿಸೋಕೂ ನಾನು ಪರೀಕ್ಷೆ ಪಾಸಾಗ್ಬೇಕು.”

ಹನ್ನೊಂದು ವರ್ಷದಿಂದ ತರಗತಿ ನಡೆದಿದೆ. ಬೆಳಿಗ್ಗೆ ಆರರಿಂದ ಏಳೂವರೆ, ಒಂದೊಂದು ತಂಡಕ್ಕೆ ಹನ್ನೆರಡು ದಿನ. ಈವರೆಗೆ ಕಲಿತವರು ಆರುನೂರ ಹನ್ನೆರಡು. ಪಾಠ ಮುಗಿಸಿ ಅಕ್ಕ ದಿನಕ್ಕೆ ನಾಲ್ಕೈದು ಮಷೀನು ರಿಪೇರಿ ಮಾಡುತ್ತಾರೆ. ಕೊನೆಯ ದಿನದ ಪಾಠ ಒಂದೇ: ಯಂತ್ರದ ಪ್ಲಗ್ಗಿನವರೆಗೆ ನಿಮ್ಮ ಕೆಲಸ. ಗೋಡೆಯೊಳಗಿನ ವೈರು, ಮೇನ್ ಬೋರ್ಡು ಲೈಸೆನ್ಸ್ ಇದ್ದವರದು.

ಅದೇ ಬೀದಿಯ ಎಲೆಕ್ಟ್ರಿಷಿಯನ್‌ಗೆ ಮಾತ್ರ ಇದು ಹಿಡಿಸಿರಲಿಲ್ಲ. ಒಂದು ಬೇಸಿಗೆಯಲ್ಲಿ ಅಂಗಡಿಗೇ ಬಂದು ಜಗಳವಾಡಿದ್ದರು. “ಕಂಡೋರಿಗೆಲ್ಲ ಕರೆಂಟ್ ಪಾಠ ಮಾಡಿದ್ರೆ ನಾಳೆ ಎಲ್ಲರೂ ಮೇನ್ ಬೋರ್ಡ್ ಬಿಚ್ತಾರೆ. ಯಾರಾದ್ರೂ ಸತ್ರೆ ನೀವು ಜವಾಬ್ದಾರಿ ತಗೋತೀರಾ?”

ಅಕ್ಕ ತರಗತಿ ನಿಲ್ಲಿಸಲಿಲ್ಲ. ಅದೇ ಬೇಸಿಗೆಯಲ್ಲಿ, ಅಕ್ಕನ ಹತ್ತಿರ ಕಲಿತ ಫ್ರಿಜ್ ಮೆಕ್ಯಾನಿಕ್ ಒಬ್ಬರನ್ನು ಮೀನಿನ ಗೋದಾಮಿಗೆ ಕರೆದರು. ಫ್ರೀಜರ್ ನಿಂತಿತ್ತು, ಆದರೆ ಕೆಟ್ಟಿರಲಿಲ್ಲ. ಅದಕ್ಕೆ ಕರೆಂಟೇ ಬರುತ್ತಿರಲಿಲ್ಲ. ಮಾಲೀಕರು ಮೇನ್ ಬೋರ್ಡಿನ ಕಬ್ಬಿಣದ ಪೆಟ್ಟಿಗೆ ತೋರಿಸಿ, ಬಿಚ್ಚಿ ನೋಡು ಎಂದರು. ಮೆಕ್ಯಾನಿಕ್ ಒಪ್ಪಲಿಲ್ಲ. ಮೀನು ಕೊಳೆಯುತ್ತೆ, ಇನ್ನು ಮುಂದೆ ನಿನ್ನನ್ನ ಕರೆಯೋದೇ ಇಲ್ಲ ಎಂದು ಮಾಲೀಕರು ಕೂಗಾಡಿದರು. ಮೆಕ್ಯಾನಿಕ್ ಹೊರಗೆ ನಿಂತು ಅದೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರು.

ಎಲೆಕ್ಟ್ರಿಷಿಯನ್ ಬಂದು ಪರೀಕ್ಷಿಸಿದರೆ ಪೆಟ್ಟಿಗೆಯ ಮೈಗೇ ಕರೆಂಟ್ ಹರಿಯುತ್ತಿತ್ತು. ಒಳಗೆ ವೈರ್ ಸುಟ್ಟು ಕಬ್ಬಿಣಕ್ಕೆ ತಾಗಿತ್ತು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ವೈರ್ ತುಂಡಾಗಿತ್ತು. ಮುಟ್ಟಿದ್ದರೆ ಮೆಕ್ಯಾನಿಕ್ ಮನೆ ಸೇರುತ್ತಿರಲಿಲ್ಲ.

ಮರುದಿನ ಆರು ಗಂಟೆಗೆ ಎಲೆಕ್ಟ್ರಿಷಿಯನ್ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಪಾಠ ಪೂರ್ತಿ ಕೇಳಿ ಎದ್ದರು. “ಬಿಚ್ಚೋದು ಕಲಿಸ್ತೀರಿ ಅನ್ಕೊಂಡಿದ್ದೆ. ನೀವು ಮುಟ್ಟದೆ ಬಿಡೋದನ್ನ ಕಲಿಸ್ತಿದೀರಿ,” ಎಂದರು. ಈಗ ಶನಿವಾರದ ಪಾಠ ಅವರದೇ.

ಮುಂದಿನ ತಿಂಗಳು ಅಕ್ಕ ಲೈಸೆನ್ಸ್ ಪರೀಕ್ಷೆಗೆ ಕೂರಲಿದ್ದಾರೆ. ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಓದುತ್ತಾರೆ, ಸೊಸೆ ಪ್ರಶ್ನೆ ಕೇಳುತ್ತಾಳೆ. ಈ ವಯಸ್ಸಿನಲ್ಲಿ ಯಾಕೆ ಎಂದರೆ ಕನ್ನಡಕ ಒರೆಸಿಕೊಂಡು ಹೇಳುತ್ತಾರೆ:

“ಇಷ್ಟು ವರ್ಷ ಇಲ್ಲಿಂದ ಮುಂದೆ ಹೋಗ್ಬೇಡಿ ಅಂತ ಹೇಳ್ಕೊಂಡೇ ಬಂದೆ. ಅಲ್ಲಿಂದ ಮುಂದೆ ಏನಿದೆ ಅಂತ ನನಗೂ ಒಂದ್ಸಲ ನೋಡ್ಬೇಕು.”