ಅಟ್ಟದ ಕೆಳಗಿನ ಕಾರು

ಹೋದ ವಾರ ತಿಪಟೂರಿನ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಸೀಳು ಬಿಟ್ಟ ನೀರಿನ ಟ್ಯಾಂಕಿಗೆ ಫೈಬರ್ ಮೆತ್ತುತ್ತಿದ್ದ. ಅದರ ಅಂಟಿನ ಘಾಟು ಕಿಟಕಿಯಿಂದ ಒಳಗೆ ಬಂದದ್ದೇ ತಡ, ಎದ್ದು ಹೋಗಿ ಅವನ ಮೇಲೆ ರೇಗಾಡಿ ಬಂದೆ. ಪಾಪ, ಅವನೇನು ಮಾಡಿದ್ದ? ಹಿಂದಿನ ದಿನವಷ್ಟೇ ತಮ್ಮನ ಮಗ ಫೋನಿನಲ್ಲಿ ಒಂದು ಜಾಹೀರಾತು ತೋರಿಸಿದ್ದ. ಕೆಂಪು ಸ್ಪೋರ್ಟ್ಸ್ ಕಾರು, ಮಾರಾಟಕ್ಕಿದೆ. ಪ್ರಯೋಗಕ್ಕೆಂದು ಮಾಡಿದ ಎರಡರಲ್ಲಿ ಉಳಿದಿರುವುದು ಇದೊಂದೇ. ಅದರ ಕೆಳಗೆ ಇನ್ನೊಂದು ಸಾಲು: ಇದನ್ನು ಕಟ್ಟಿದವನು ಇದನ್ನು ಉಳಿಸಲೆಂದೇ ಪ್ರಾಣ ಬಿಟ್ಟ.

ಹಸಿ ಸುಳ್ಳು. ಅದನ್ನು ಹುಟ್ಟಿಸಿದ್ದು ನಮ್ಮಪ್ಪ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಸಾಕಿದವಳು ನಾನು.

ಆ ಕಾರು ಕಟ್ಟಿದವರನ್ನು ನಾವೆಲ್ಲ ಮೇಸ್ತ್ರಿ ಎನ್ನುತ್ತಿದ್ದೆವು. ತುರುವೇಕೆರೆಯ ಸಾಬರು. ಬೆಂಗಳೂರಿನಲ್ಲಿ ಯಾರೋ ಒಬ್ಬ ಸ್ಪೋರ್ಟ್ಸ್ ಕಾರು ಮಾಡುತ್ತೇನೆಂದು ಕಾರ್ಖಾನೆ ತೆರೆದಾಗ ಅಲ್ಲಿ ಕಾರಿನ ಮೈ ಕಟ್ಟಿದವರು ಇವರು. ಅಚ್ಚಿನ ಮೇಲೆ ಫೈಬರ್ ಹಾಸಿ, ಅಂಟು ಬಳಿದು, ಅಂಗೈಯಲ್ಲಿ ಸವರಿ ಸವರಿ ನಯ ಮಾಡಿದ್ದು. ಕಾರ್ಖಾನೆ ಮುಚ್ಚುವಾಗ ಮಾಲೀಕ ತನ್ನ ಕಾರನ್ನು ಬೇರೆಯವರು ನಕಲು ಮಾಡಬಾರದೆಂದು ಎರಡನ್ನೂ ಒಡೆಯಲು ಹೇಳಿ, ಸಮ್ಮಟಿಗೆಯನ್ನು ಇವರ ಕೈಗೇ ಕೊಟ್ಟನಂತೆ. ಒಂದನ್ನು ಒಡೆದರು. ಎರಡನೆಯದರ ಮುಂದೆ ನಿಂತವರು ತಿರುಗಿ ಮಾಲೀಕನ ಕೊರಳಪಟ್ಟಿ ಹಿಡಿದರು. ‘ತಗೊಂಡು ಹಾಳಾಗಿ ಹೋಗು’ ಎಂದು ಅವನು ಕಾಗದ ಬರೆದುಕೊಟ್ಟ.

ಕಾರು ತೆಂಗಿನ ಗರಿ ಹೊದ್ದುಕೊಂಡು ಲಾರಿಯಲ್ಲಿ ದಬ್ಬೇಘಟ್ಟಕ್ಕೆ, ನಮ್ಮ ತೋಟಕ್ಕೆ ಬಂತು. ಮೇಸ್ತ್ರಿಯ ಮನೆಯ ಗಲ್ಲಿಯಲ್ಲಿ ಸೈಕಲ್ಲಿಗೇ ಜಾಗವಿರಲಿಲ್ಲ. ನಮ್ಮಪ್ಪ ಅವರ ಗೆಳೆಯ. ಕೊಬ್ಬರಿಗೆಂದು ತೆಂಗಿನಕಾಯಿ ಒಣಗಿಸುವ ನಮ್ಮ ಶೆಡ್ಡಿನಲ್ಲಿ, ಅಟ್ಟದ ಕೆಳಗೆ ನಿಲ್ಲಿಸಿಕೊಟ್ಟರು.

ಮೇಸ್ತ್ರಿ ಸಾಧು ಮನುಷ್ಯ ಎಂದು ಬರೆದರೆ ಅವರೇ ಗೋರಿಯಿಂದ ಎದ್ದು ಬಂದು ನನಗೆ ಬಾರಿಸುತ್ತಾರೆ. ನನ್ನ ತಮ್ಮ ಒಮ್ಮೆ ಮೊಳೆಯಿಂದ ಕಾರಿನ ಬಾಗಿಲಿಗೆ ಗೆರೆ ಎಳೆದ. ಮೇಸ್ತ್ರಿ ಕೊಟ್ಟ ಏಟಿಗೆ ಅವನ ತುಟಿ ಒಡೆದು ಅಂಗಿಯೆಲ್ಲ ರಕ್ತ. ಅಪ್ಪ ಬಿಟ್ಟಾರೆಯೇ? ಕೈಗೆ ಸಿಕ್ಕ ಹಲಗೆಯಿಂದ ಮೇಸ್ತ್ರಿಯ ಬೆನ್ನಿಗೆ ಬಿಟ್ಟರು. ಹಲಗೆ ಮುರಿಯಿತು. ಮಾರನೆಯ ದಿನ ಇಬ್ಬರೂ ಜಗಲಿಯಲ್ಲಿ ಕೂತು ಟೀ ಕುಡಿಯುತ್ತಿದ್ದರು. ನನಗೆ ಮಾತ್ರ ಮೇಸ್ತ್ರಿ ಕಾರಿನೊಳಗೆ ಕೂರಲು ಬಿಡುತ್ತಿದ್ದರು. ‘ಸುಮ್ಕೆ ಕೂತ್ಕೋ ಕಣವ್ವ, ಏನೂ ಮುಟ್ಬೇಡ’ ಎನ್ನುತ್ತಿದ್ದರು. ಒಳಗೆಲ್ಲ ಅದೇ ಫೈಬರ್ ಅಂಟಿನ ಘಾಟು. ಆಗ ನನಗೆ ಇಪ್ಪತ್ತೆರಡು.

ಆ ವರ್ಷ ಫಸಲು ಹೆಚ್ಚು. ಕಾಯಿಯ ಭಾರಕ್ಕೆ ಅಟ್ಟದ ತೊಲೆ ಬಾಗಿತೆಂದು ಅಪ್ಪ ಕಾರಿನ ಮೂತಿಗೆ ಸರಿಯಾಗಿ ಒಂದು ಆಸರೆ ಕಂಬ ಕೊಟ್ಟರು. ಅಟ್ಟದಲ್ಲಿ ಕಾಯಿ ಎಂಟು ತಿಂಗಳದ್ದಾಗಿರುವಾಗ ಕಾರು ಕೊಳ್ಳುವವನೊಬ್ಬ ಲಾರಿ ಸಮೇತ ಬಂದು ನಿಂತ. ಕಂಬ ತೆಗೆಯದೆ ಕಾರು ಹೊರಗೆ ಬರುವಂತಿಲ್ಲ. ಕಾಯಿ ಇಳಿಸದೆ ಕಂಬ ತೆಗೆಯುವಂತಿಲ್ಲ. ಕೊಬ್ಬರಿಗೆ ಬಿಟ್ಟ ಕಾಯನ್ನು ನಡುವೆ ಕದಲಿಸುವುದುಂಟೇ?

‘ಇನ್ನು ಮೂರು ತಿಂಗ್ಳು ಮುಟ್ಟಂಗಿಲ್ಲ. ಅಷ್ಟೂ ಕೊಳ್ತೋಯ್ತದೆ. ನಿನ್ ಕಾರು ಎಲ್ಲೂ ಓಡೋಗಲ್ಲ ಬುಡು’ ಎಂದರು ಅಪ್ಪ.

‘ಇವತ್ತು ಬಿಟ್ರೆ ಅವ್ನು ಬರಲ್ಲ ಕಣ್ರೀ ಗೌಡ್ರೇ. ಓಡುಸ್ತೀನಿ ಅಂತವ್ನೆ. ಇಲ್ಲಿ ಇಲಿ ಬಾಯಿಗೆ ಹಾಕ್ಲಾ ಅದ್ನ?’

ಮಾತು ಅಮ್ಮ ಅಕ್ಕನಿಗೆ ಹೋಯಿತು. ಆಮೇಲೆ ಕೈಗೆ. ಮೇಸ್ತ್ರಿ ಅಪ್ಪನನ್ನು ಅಂಗಳಕ್ಕೆ ಕೆಡವಿ ಎದೆಯ ಮೇಲೆ ಕೂತರು. ಅಪ್ಪ ಅವರ ಕೈ ಕಚ್ಚಿ ಬಿಡಿಸಿಕೊಂಡು, ಕಾಯಿ ಕೆತ್ತುವ ಮಚ್ಚು ತೆಗೆದುಕೊಂಡರು. ಮಚ್ಚು ಅವರಿಬ್ಬರ ನಡುವೆ ಬಂದದ್ದು ಅದೇ ಮೊದಲು. ಲಾರಿಯವರು ದೂರ ನಿಂತು ನೋಡುತ್ತಿದ್ದರು, ಹೇಡಿಗಳು. ನನಗೆ ತಲೆ ಕೆಟ್ಟಿತು. ಈ ಕಾರು ತೊಲಗಿದರೆ ಸಾಕು, ಇವರಿಬ್ಬರೂ ಬದುಕುತ್ತಾರೆ ಅನ್ನಿಸಿತು.

ಶೆಡ್ಡಿಗೆ ಓಡಿದೆ. ಅಟ್ಟದ ಅಂಚಿನಿಂದ ಒಂದು ಕಾಯಿ ಎಳೆದು ಕಿವಿಯ ಹತ್ತಿರ ಅಲ್ಲಾಡಿಸಿದೆ. ನೀರಿನ ಸದ್ದಿಲ್ಲ. ಇಂಗಿದೆ, ಭಾರ ಇಳಿದಿದೆ, ತೊಲೆ ತಡೆಯುತ್ತದೆ ಎಂದುಕೊಂಡೆ. ಮೇಲಿನ ಶೀಟಿನ ಕಾವಿಗೆ ಅಂಚಿನ ಕಾಯಿ ಮೊದಲು ಒಣಗುತ್ತದೆ, ನಡುವಿನದರಲ್ಲಿ ನೀರು ಹಾಗೇ ಇರುತ್ತದೆ ಎಂಬುದು ಕೊಬ್ಬರಿ ಮಾಡುವ ಮನೆಯಲ್ಲಿ ಹುಟ್ಟಿದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಗಳಿಗೆಯಲ್ಲಿ ಮರೆತೆ... ಮೂಲೆಯಲ್ಲಿದ್ದ ಸಮ್ಮಟಿಗೆ ಎತ್ತಿ ಕಂಬದ ಬುಡಕ್ಕೆ ಹೊಡೆದೆ. ಮೂರನೆಯ ಏಟಿಗೆ ಕಂಬ ಜಾರಿತು.

ತೊಲೆ ಲಟಲಟ ಅಂದದ್ದು ಅಂಗಳಕ್ಕೂ ಕೇಳಿಸಿತಂತೆ. ಮೇಸ್ತ್ರಿ ಮಚ್ಚಿನ ಎದುರಿನಿಂದಲೇ ಒಳಗೆ ನುಗ್ಗಿ ಬಂದರು. ನನ್ನ ಜಡೆ ಹಿಡಿದು ಎಳೆದು, ಸೊಂಟಕ್ಕೆ ಒದ್ದರು. ನಾನು ಬಾಗಿಲಾಚೆ ಹೋಗಿ ಬಿದ್ದೆ. ಹಿಂದೆಯೇ ಅಟ್ಟ ಕುಸಿಯಿತು. ಅಷ್ಟು ಸಾವಿರ ಕಾಯಿ... ಸದ್ದು ನಿಲ್ಲಲೇ ಇಲ್ಲ. ಧೂಳು ಇಳಿದ ಮೇಲೆ ಅಪ್ಪ, ಲಾರಿಯವರು ಎಲ್ಲ ಸೇರಿ ಕಾಯಿ ಬಾಚಿ ಬಾಚಿ ಎಸೆದರು. ತೊಲೆ ಮೇಸ್ತ್ರಿಯ ಬೆನ್ನ ಮೇಲಿತ್ತು. ಅವರು ಕಾರಿನ ಬಾನೆಟ್ಟಿನ ಮೇಲೆ ಬೋರಲು ಬಿದ್ದಿದ್ದರು, ಎರಡೂ ಕೈ ಚಾಚಿಕೊಂಡು. ತಲೆಯ ಭಾಗವನ್ನು ಅಪ್ಪ ನನಗೆ ನೋಡಲು ಬಿಡಲಿಲ್ಲ.

ಕಂಬ ಹೊಡೆದದ್ದು ಮೇಸ್ತ್ರಿಯೇ, ಕಾರಿನ ಆಸೆಗೆ ಹೊಡೆದ, ಬೀಳುವಾಗ ಅದನ್ನು ತಬ್ಬಿಕೊಂಡ ಎಂದು ಅಪ್ಪ ಪೊಲೀಸರಿಗೆ ಹೇಳಿದರು. ಕೇಸಿನ ಭಯಕ್ಕೆ ಲಾರಿಯವರೂ ಹೂಂ ಎಂದರು. ಅಪ್ಪ ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೆ. ಅವರು ಸಾಯುವವರೆಗೂ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಮೇಸ್ತ್ರಿಯ ಹೆಂಡತಿ ಬಂದು ಕಾರಿಗೆ ಉಗಿದರು. ಹೆಂಡತಿ ಮಕ್ಕಳಿಗಿಂತ ಈ ಡಬ್ಬ ಹೆಚ್ಚಾಯ್ತಾ ಎಂದು ಹೆಣಕ್ಕೆ ಬೈದರು. ಕಾರನ್ನು ಕೊಳ್ಳಲು ಬಂದಿದ್ದವನಿಗೇ ಪುಕ್ಕಟೆ ತಳ್ಳಿದರು. ಆಗಲೂ ನನ್ನ ನಾಲಿಗೆ ಏಳಲಿಲ್ಲ. ಥೂ ನನ್ನ ಜನ್ಮಕ್ಕೆ.

ನಿನ್ನೆ ತುರುವೇಕೆರೆಗೆ ಹೋದೆ. ಅದೇ ಗಲ್ಲಿ. ಮೇಸ್ತ್ರಿಯ ಹೆಂಡತಿಯ ಕೂದಲು ಪೂರ್ತಿ ಬೆಳ್ಳಗಾಗಿದೆ. ‘ಗೌಡ್ರ ಮಗ್ಳಲ್ವೇನೇ?’ ಎಂದು ಚಾಪೆ ಹಾಸಿದರು. ನಾನು ಕೂರದೆ, ನಿಂತಲ್ಲೇ ಎಲ್ಲ ಹೇಳಿದೆ. ಕೆನ್ನೆಗೆ ಬಿತ್ತು ನೋಡಿ ಒಂದು, ಆ ವಯಸ್ಸಿನ ಕೈಯಲ್ಲಿ ಅಷ್ಟು ಕಸುವು ಎಲ್ಲಿತ್ತೋ. ಮತ್ತೊಂದು. ಮತ್ತೊಂದು. ಕನ್ನಡಕ ಹಾರಿ ಹೋಯಿತು. ನಾನು ಕೈ ಅಡ್ಡ ಇಡಲಿಲ್ಲ.

ಏದುಸಿರು ಬಿಡುತ್ತಾ ಕೇಳಿದರು: ‘ಕಾರ್ ಕಡೆ ನೋಡ್ಲೇ ಇಲ್ವಾ ಅವ್ರು?’

‘ಇಲ್ಲ ಕಣಕ್ಕ. ಒಳಗ್ ಬಂದವ್ರೇ ನನ್ ಜಡೆ ಹಿಡ್ದು ಎಳುದ್ರು. ಆ ಕಡೆ ತಿರುಗ್ಲೇ ಇಲ್ಲ.’

ಅವರು ಗೋಡೆ ಹಿಡಿದುಕೊಂಡು ಮೆಲ್ಲಗೆ ಕೆಳಗೆ ಕೂತರು. ‘ಇಷ್ಟು ವರ್ಸ ಬೈಕೊಂಡೇ ಇದ್ನಲ್ಲೇ ಅವ್ರನ್ನ... ಒಂದಿನಾನೂ ಅಳ್ಲಿಲ್ಲ ಕಣೇ ನಾನು’ ಎಂದರು. ಆಮೇಲೆ ಅಳಲು ಶುರು ಮಾಡಿದರು.